ಡಬ್ಬಿಯ ಹಸಿರು ದೀಪ

ಆ ದಿನ ಸುರಪುರದಲ್ಲಿ ಕರೆಂಟು ಹೋಗಿತ್ತೋ ಇಲ್ಲವೋ, ನನಗೆ ಖಚಿತವಿಲ್ಲ. ಹೋಗಿರಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಅಕ್ಕ ಹಾಡಿ ಮುಗಿಸುವವರೆಗೂ ನನ್ನ ರೆಕಾರ್ಡಿಂಗ್ ಡಬ್ಬಿಯ ಹಸಿರು ದೀಪ ಮಿನುಗುತ್ತಲೇ ಇತ್ತು, ನಾನು ಅದನ್ನೇ ನೋಡುತ್ತ ಕುಳಿತಿದ್ದೆ. ಅಕ್ಕನನ್ನು ಕೇಳಿದರೆ, "ನಡುವ ಕರೆಂಟ್ ಹೋತು. ನಿನ್ನ ಡಬ್ಬಿ ಕಣ್ಣು ಮುಚ್ಚಿತು, ನೀನೂ ಮುಚ್ಚಿದ್ದಿ, ತಲಿ ತೂಗಾಕತ್ತಿದ್ದಿ" ಅನ್ನುತ್ತಾಳೆ. ಪಕ್ಕದ ಮನೆಯ ಆಪಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವತ್ತು ಮುಂಜಾನೆಯಿಂದಲೇ ಕರೆಂಟು ಇರಲಿಲ್ಲ ಅನ್ನುತ್ತಾರೆ. ಮೂವರೂ ಒಂದೇ ಕೋಣೆಯಲ್ಲಿದ್ದೆವು. ಮೂವರಲ್ಲಿ ಸಂಶೋಧನಾ ವಿಧಾನ ಎಂಬ ಪತ್ರಿಕೆಯಲ್ಲಿ ಪಾಸಾದವನು ನಾನೊಬ್ಬನೇ. ಈಗ ಯಾದಗಿರಿಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಹಾಗಾಗಿ ನನ್ನ ನೆನಪೇ ನಿಜವಾಗಿರಬೇಕು ಎಂದು ಬಹಳ ದಿನ ಆರಾಮವಾಗಿ ನಂಬಿಕೊಂಡಿದ್ದೆ.

ಅಕ್ಕನ ಗಂಟಲಲ್ಲಿ ಥೈರಾಯ್ಡ್ ಗಂಟು ಬೆಳೆದಿತ್ತು. ಕಲಬುರಗಿಗೆ ಹೋಗಿ ತೆಗೆಸಬೇಕು ಎಂದು ಯಾದಗಿರಿಯ ಡಾಕ್ಟರು ಹೇಳಿದ ದಿನ ನಾವಿಬ್ಬರೂ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ನಿಂತಿದ್ದೆವು.

"ದನಿ ಬದಲಾಗಬಹುದು, ಆಗದನೂ ಇರಬಹುದು ಅಂದನಲ್ಲ," ಎಂದಳು ಅಕ್ಕ. "ಇಷ್ಟು ಹೇಳಾಕ ಅಷ್ಟು ವರ್ಷ ಓದಬೇಕೇನೋ ತಮ್ಮಾ?"

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೂದೇ ವಿಜ್ಞಾನ ಅಕ್ಕಾ."

"ಹಂಗಾರ ನಾನೂ ವಿಜ್ಞಾನಿ ಬಿಡು. ನನಗೂ ಗೊತ್ತಿಲ್ಲ."

ಆಮೇಲೆ ಕಪ್ಪು ಕೆಳಗಿಟ್ಟು, ಆಪರೇಷನ್ನಿಗೆ ಮೊದಲು ತನ್ನ ಹಾಡೊಂದನ್ನು ರೆಕಾರ್ಡ್ ಮಾಡಿಡು ಎಂದಳು. ನೆನಪು, ಪರಂಪರೆ, ಮುಂದಿನ ಪೀಳಿಗೆ ಎಂದೆಲ್ಲ ಏನೋ ಹೇಳತೊಡಗಿದೆ. ತರಗತಿಯಲ್ಲಿ ಹೇಳಿ ಹೇಳಿ ಆ ಪದಗಳು ನನ್ನ ಬಾಯಲ್ಲಿ ತಾವಾಗಿಯೇ ಓಡುತ್ತವೆ. ಅಕ್ಕ ನಡುವೆಯೇ ತಡೆದಳು.

"ನೆನಪಿಗಲ್ಲೋ ಮಾರಾಯಾ. ಸಾಕ್ಷಿಗೆ. ನಾಳೆ ದನಿ ಬಿದ್ದರೂ ನೀವೆಲ್ಲಾ 'ಏನೂ ಆಗಿಲ್ಲ, ಮದಲಿನಂಗೇ ಅದ' ಅಂತೀರಿ. ಖರೇ ಹೇಳೋ ಮಂದಿ ನಮ್ಮ ಮನ್ಯಾಗ ಯಾರದಾರ? ಮುಂದ ನಿಂತು ಎತ್ತಬೇಕೋ ಬ್ಯಾಡೋ, ನನಗ ಬರೋಬರ್ ಗೊತ್ತಾಗಬೇಕು."

ಸುರಪುರದ ಅವಳ ಓಣಿಯಲ್ಲಿ ಮದುವೆ, ಬಸುರಿಗೆ ಉಡಿ ತುಂಬುವ ಕುಬಸ, ತೊಟ್ಟಿಲು ಯಾವುದಿದ್ದರೂ ಮೊದಲ ಸೊಲ್ಲು ಎತ್ತುವವಳು ಅಕ್ಕ. ಅವಳು ಒಂದು ಸಾಲು ಹಾಡಿದರೆ ಉಳಿದ ಹೆಂಗಸರು ಅದನ್ನು ಹಿಡಿದು ತಿರುಗಿ ಹಾಡುತ್ತಾರೆ. ಅವಳಿಗಿಂತ ಮೊದಲು ಎತ್ತುತ್ತಿದ್ದ ಮುದುಕಿಯೊಬ್ಬರ ದನಿ ಒಡೆದ ಮೇಲೂ ಯಾರೂ ಹೇಳಲಿಲ್ಲವಂತೆ. ಎದುರಿಗೆ ಹೊಗಳುವುದು, ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುವುದು ವರ್ಷಾನುಗಟ್ಟಲೆ ನಡೆಯಿತಂತೆ. ಆ ಹಿಂದಿನ ಸಾಲಿನಲ್ಲಿ ಅಕ್ಕನೂ ಇದ್ದಳು. ಅದಕ್ಕೇ ಅವಳಿಗೆ ಭಯ.

"ಫೋನ್ ಅದಲ್ಲ, ಹೊಸಾದು ತಗೊಂಡಿಯಲ್ಲ. ಒತ್ತು, ಹಾಡ್ತೀನಿ, ಮುಗೀತು," ಎಂದಳು.

ಇಷ್ಟು ಸುಲಭವಾಗಿ ಮುಗಿಯುವ ಕೆಲಸವಾದರೆ ವಿಶ್ವವಿದ್ಯಾಲಯಗಳು ಯಾಕೆ ಬೇಕು? ಫೋನಿನ ಮೈಕು ದನಿಯನ್ನು ತನಗೆ ಬೇಕಾದಂತೆ ತಿದ್ದುತ್ತದೆ, ಮೆಲ್ಲನೆಯ ದನಿಯನ್ನು ಗದ್ದಲವೆಂದು ತಿಳಿದು ಒರೆಸಿಹಾಕುತ್ತದೆ, ಸಾಕ್ಷಿ ಅಂದರೆ ಶುದ್ಧವಾಗಿರಬೇಕು ಎಂದು ಆ ಚಹಾದಂಗಡಿಯ ಮುಂದೆಯೇ ವಿವರಿಸಿದೆ. ನನ್ನ ಹತ್ತಿರ ಒಂದು ಆಡಿಯೋ ಇಂಟರ್‌ಫೇಸ್ ಇದೆ ಎಂದೂ ಹೇಳಿದೆ. ಅಕ್ಕ ಬಸ್ಸು ಬಂತೇನೋ ಎಂದು ನೋಡುತ್ತಿದ್ದಳು.

ಆ ಇಂಟರ್‌ಫೇಸ್ ಎಂಬುದು ಇಟ್ಟಿಗೆಯಷ್ಟು ದೊಡ್ಡ ತಗಡಿನ ಡಬ್ಬಿ. ಮೈಕನ್ನು ಅದಕ್ಕೆ ಚುಚ್ಚಿ, ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ದನಿ ಒಳಗೆ ಹೋಗುತ್ತದೆ. ಮುಂದೆ ದನಿ ಹೆಚ್ಚು ಕಡಿಮೆ ಮಾಡುವ ಗುಂಡಿ, ಗುಂಡಿಯ ಸುತ್ತ ಯಾರಾದರೂ ಮಾತಾಡಿದರೆ ಮಿನುಗುವ ಹಸಿರು ದೀಪ. ಸಂಶೋಧನೆ ಮಾಡುತ್ತಿದ್ದಾಗ ಜನಪದ ಹಾಡುಗಳನ್ನು ಉಳಿಸಲೆಂದು ಕೊಂಡಿದ್ದೆ. ಉಳಿಸಿದ್ದೇನೆ ಕೂಡ. ಅವೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿವೆ, ಆ ಹಾರ್ಡ್ ಡಿಸ್ಕ್ ಎಲ್ಲಿದೆ ಎಂಬುದೊಂದು ಮಾತ್ರ ತಿಳಿಯದು. ಡಬ್ಬಿಯ ಜೊತೆ ಸಂಸಾರ ಮಾಡುತ್ತಿದ್ದ ಲ್ಯಾಪ್‌ಟಾಪ್ ಎಂದೋ ಸತ್ತಿತ್ತು. ಉಳಿದದ್ದು ಹೊಸ ಫೋನು. ಡಬ್ಬಿಯನ್ನು ಫೋನಿಗೇ ಜೋಡಿಸಿಬಿಡುವುದು ಎಂದು ನಿರ್ಧರಿಸಿದೆ.

ಡಬ್ಬಿಯ ಹಿಂದಿನ ತೂತು ಚೌಕ, ಹಳೇ ಪ್ರಿಂಟರುಗಳಿಗೆ ಇರುತ್ತದಲ್ಲ ಅಂಥದ್ದು. ಫೋನಿನ ತೂತು ಚಪ್ಪಟೆ. ರೆಕಾರ್ಡಿಂಗಿಗೆ ಹೊರಟ ದಿನ, ಸುರಪುರಕ್ಕೆ ಹೋಗುವ ಬಸ್ಸು ಹೇಗೂ ಶಹಾಪುರದ ಮೇಲೆಯೇ ಹೋಗುವುದರಿಂದ ಅಲ್ಲಿ ಇಳಿದು ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವರು ಡಬ್ಬಿಯನ್ನು ತಿರುಗಿಸಿ ನೋಡಿ, ಒಂದು ವೈರು ಕಿತ್ತು ಕೈಗಿಟ್ಟರು.

"ಇದು ಹಾಕ್ರಿ ಸರ್. ದುನಿಯಾದಾಗಿನ ಯಾವ ಮಷೀನ್ ಆದ್ರೂ ಹತ್ತತದ."

ದುನಿಯಾದಲ್ಲಿ ಹತ್ತದ ಮಷೀನು ಇದ್ದದ್ದು ನನ್ನದೊಂದೇ. ಆ ವೈರಿನಲ್ಲಿ ಚಾರ್ಜ್ ಮಾತ್ರ ಹರಿಯುತ್ತಿತ್ತು, ದನಿಗೆ ದಾರಿಯಿರಲಿಲ್ಲ. ವಾಪಸು ಹೋದೆ. ಅವರು ಒಟಿಜಿ ಎಂಬ ಹೆಬ್ಬೆರಳಿನ ಉಗುರಿನಷ್ಟು ಪಿನ್ನು ಕೊಟ್ಟರು. ಈ ಸಲ ಡಬ್ಬಿಯ ದೀಪ ಒಮ್ಮೆ ಕಣ್ಣು ಬಿಟ್ಟು ಮುಚ್ಚಿತು. ಜೋಡಿಸಿದ ಉಪಕರಣ ವಿಪರೀತ ವಿದ್ಯುತ್ ಕೇಳುತ್ತಿದೆ, ಆದ್ದರಿಂದ ಸಂಬಂಧ ಕಡಿದುಕೊಂಡಿದ್ದೇನೆ ಎಂಬರ್ಥದ ಸಾಲೊಂದು ಫೋನಿನ ಮೇಲೆ ಮೂಡಿತು.

"ಫೋನ್ ಖರಾಬ್ ಅದ ಏನು?" ಕೇಳಿದೆ.

"ಫೋನ್ ಫಸ್ಟ್ ಕ್ಲಾಸ್ ಅದರಿ. ನಿಮ್ಮ ಡಬ್ಬಿಗೆ ಹಸಿವಿ ಜಾಸ್ತಿ. ಹಳೇ ಅತ್ತಿ, ಹೊಸಾ ಸೊಸಿ. ಸೊಸಿ ಎಷ್ಟಂತ ಉಣ್ಣಾಕ ನೀಡ್ಯಾಳ್ರಿ?"

"ಏನು ಮಾಡೂದು ಹಂಗಾರ?"

"ಹೊಸಾದು ತಗೋರಿ."

ಅಂತರ್ಜಾಲದಲ್ಲಿ ಹುಡುಕಿದರೆ ಜಗತ್ತಿನ ನಾನಾ ದೇಶಗಳ ಜ್ಞಾನಿಗಳೂ ಇದನ್ನೇ ಹೇಳಿದ್ದರು. ಒಬ್ಬ ಮಾತ್ರ, ಸ್ವಂತ ಚಾರ್ಜರು ಇರುವ ಹಬ್ ಒಂದನ್ನು ನಡುವೆ ಇಟ್ಟರೆ ಡಬ್ಬಿ ಗೋಡೆಯಿಂದ ಕರೆಂಟು ತಿನ್ನುತ್ತದೆ, ಫೋನಿನ ತಂಟೆಗೆ ಹೋಗುವುದಿಲ್ಲ ಎಂದು ಬರೆದಿದ್ದ. ಇದನ್ನು ಅಂಗಡಿಯವರಿಗೆ ಓದಿ ಹೇಳಿದೆ. "ಅದನ್ನೇ ನಾ ಹೇಳಬೇಕಂತಿದ್ದೆ," ಎಂದು ಅವರು ಮೇಲಿನ ಅರೆಯಿಂದ ಧೂಳು ಹಿಡಿದ ಹಬ್ ಇಳಿಸಿದರು. ಅಂಗಡಿಯ ಪ್ಲಗ್ಗಿಗೆ ಚುಚ್ಚಿದೆವು. ಡಬ್ಬಿಗೆ ಜೀವ ಬಂತು. ಮೈಕಿನಲ್ಲಿ "ಹಲೋ" ಎಂದೆ, ಗುಂಡಿಯ ಸುತ್ತ ಹಸಿರು ಮಿನುಗಿತು. ಫೋನಿನ ರೆಕಾರ್ಡರ್ ಆ್ಯಪ್ ಒತ್ತಿದೆ, ಅಲ್ಲಿಯೂ ಗೆರೆ ಕುಣಿಯಿತು. ಇಲ್ಲಿ ಹಸಿರು, ಅಲ್ಲಿ ಗೆರೆ: ಎರಡೂ ಒಟ್ಟಿಗೆ ಕುಣಿದ ಮೇಲೆ ಒಂದರಿಂದಲೇ ಇನ್ನೊಂದು ಎಂದು ತೀರ್ಮಾನಿಸಿದೆ. ಇದೇ ತೀರ್ಮಾನವನ್ನು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆದರೆ ಕೆಂಪು ಗೆರೆ ಎಳೆಯುತ್ತೇನೆ. ಅಂದು ಯಾರೂ ಎಳೆಯಲಿಲ್ಲ. ಉಳಿದ ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಶಹಾಪುರದ, ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಕೂಡ ಆ ದಿನ ನನ್ನನ್ನು ಮೆಚ್ಚಿಕೊಂಡಂತೆ ಕಂಡಿತು.

ಅಕ್ಕನ ಮನೆಯ ಒಳಕೋಣೆಯನ್ನು ಸ್ಟುಡಿಯೋ ಮಾಡಿದೆ. ಗೋಡೆಗೆ ಕೌದಿ ಕಟ್ಟಿದೆ. ಫ್ಯಾನ್ ಆರಿಸಿದೆ. ಕಿಟಕಿಗೆ ಜಮಖಾನೆ ತುರುಕಿದೆ. ಹೊರಗೆ ಎದುರುಮನೆಯ ಹಿಟ್ಟಿನ ಗಿರಣಿ ಗರಗರ ಅನ್ನುತ್ತಿತ್ತು. ಹೋಗಿ, ಸ್ವಲ್ಪ ಹೊತ್ತು ನಿಲ್ಲಿಸುತ್ತೀರಾ, ರೆಕಾರ್ಡಿಂಗ್ ಇದೆ ಎಂದು ಕೇಳಿದೆ.

"ಎಷ್ಟೊತ್ತರಿ?" ಎಂದರು ಗಿರಣಿಯವರು.

"ಅರ್ಧ ತಾಸು."

"ಜ್ವಾಳ ಸುರದು ನಿಂತಾರ ಮಂದಿ. ನಿಮ್ಮ ಹಾಡು ಕೇಳಿ ರೊಟ್ಟಿ ಬಡಿಯಾಕ ಬರತದೇನ್ರಿ ಸರ್?"

ವಾಪಸು ಬಂದು ಅಕ್ಕನನ್ನು ಮೈಕಿನ ಮುಂದೆ ಕೂಡಿಸಿ, ಬಾಗಿಲು ಹಾಕಿ, ಕೈಸನ್ನೆ ಮಾಡಿದೆ. ಅವಳು ಹಾಡಲಿಲ್ಲ.

"ಹಾಡಕ್ಕಾ."

"ಯಾರು ಹಿಡೀತಾರ?"

"ಏನನ್ನ?"

"ಸೊಲ್ಲನ್ನ. ನಾ ಎತ್ತಿದ್ರ ಹಿಡಿಯೋರು ಯಾರು? ನೀ ಹಿಡೀತಿ?"

ಬೇರೆ ದನಿ ಬೆರೆತರೆ ನಿನ್ನ ದನಿ ಶುದ್ಧವಾಗಿ ಸಿಗುವುದಿಲ್ಲ, ಒಬ್ಬಳೇ ಹಾಡಬೇಕು ಎಂದೆ. ಅಕ್ಕನ ಮುಖ ಗಂಟಿಕ್ಕಿತು.

"ಹೆಣ್ಣಮಗಳು ಒಬ್ಬಾಕಿನೇ ದನಿ ತೆಗೆಯೂದು ಹೆಣದ ಮುಂದ. ಆಪರೇಷನ್ನಿಗೆ ಹೋಗಾಕಿ ನಾ. ಬಾಗಲಾ ಹಾಕಿ, ಗೋಡಿಗೆ ಕೌದಿ ಹೊಚ್ಚಿ, ಒಬ್ಬಾಕೀನೇ ಕೂಡಿಸಿ ಹಾಡಸ್ತೀಯಲ್ಲ, ಇದೇನು ಹಾಡೋ, ಅಳೂದೋ? ನಿಮ್ಮ ಸಾಲ್ಯಾಗ ಇದನ್ನೇ ಕಲಿಸ್ಯಾರೇನು?"

ಜನಪದ ಸಂಶೋಧನೆಯಲ್ಲಿ ಡಾಕ್ಟರೇಟ್ ಪಡೆದವನಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ನನ್ನ ಪ್ರಬಂಧದಲ್ಲಿ ಇದರ ಬಗ್ಗೆ ಒಂದು ಅಡಿಟಿಪ್ಪಣಿಯಿದೆ ಎಂದು ಅಕ್ಕನಿಗೆ ಹೇಳಿದೆ. ಅವಳು ಎದ್ದುಹೋಗಿ ಹಿತ್ತಲ ಗೋಡೆಯ ಮೇಲಿಂದ ಆಪಾನನ್ನು ಕೂಗಿದಳು.

ಆಪಾ ಹಸಿಮೆಣಸಿನಕಾಯಿ ಕುಟ್ಟುತ್ತಿದ್ದವರು ಹಾಗೆಯೇ ಬಂದರು. ಅವರ ಮನೆಮಾತು ದಖನಿ ಉರ್ದು. ಆದರೆ ಈ ಓಣಿಗೆ ಮದುವೆಯಾಗಿ ಬಂದಂದಿನಿಂದ ಅಕ್ಕ ಎತ್ತಿದ ಸೊಲ್ಲನ್ನು ಮೊದಲು ಹಿಡಿಯುವ ದನಿ ಅವರದೇ. ಅವರ ಮನೆಯ ಮದುವೆಗಳಲ್ಲಿ ಅವರು ಢೋಲಕ್ ಹಿಡಿದರೆ ಅಕ್ಕ ಚಪ್ಪಾಳೆ ಹಾಕುತ್ತಾಳೆ.

"ಏ ಅಕ್ಕಾ, ಕೌದಿ ಯಾಕ ಕಟ್ಟೀರಿ? ಮನ್ಯಾಗ ಕೂಸು ಹುಟ್ಟ್ಯಾದೇನು?"

"ನಮ್ಮ ತಮ್ಮ ಹಡದಾನ. ಅಕಾ ನೋಡು, ಆ ಡಬ್ಬಿ."

ಆಪಾ ಡಬ್ಬಿಯನ್ನು ಬಗ್ಗಿ ನೋಡಿದರು. ಅವರ ದನಿಗೆ ದೀಪ ಹಸಿರಾಯಿತು. "ಹಾಯ್ ಅಲ್ಲಾ, ಮಾತಾಡಿದ್ರ ಕಣ್ಣು ಬಿಡ್ತದ. ಭಾಯಿ, ಇದಕ್ಕ ನಜರ್ ಆಗಬಾರ್ದು, ಕಾಡಿಗಿ ಬೊಟ್ಟು ಹಚ್ಚರಿ."

ಇಬ್ಬರೂ ನಕ್ಕದ್ದು ಮುಗಿದ ಮೇಲೆ ನಾನು ಆ್ಯಪ್ ಒತ್ತಿದೆ. ಫೋನು ಇಬ್ಬರ ನಡುವೆ ಮಡಿಸಿದ ಹಾಸಿಗೆಯ ಮೇಲಿತ್ತು, ಇಡಲು ಬೇರೆ ಜಾಗ ಇರಲಿಲ್ಲ. ಮೈಕು ಮಾತ್ರ ಶಾಸ್ತ್ರೋಕ್ತವಾಗಿ ಅಕ್ಕನ ಬಾಯಿಯ ಎದುರಿತ್ತು. ಅಕ್ಕ ಎತ್ತಿದಳು. ಆಪಾ ಹಿಡಿದರು. ಹಾಡಿನಲ್ಲಿ ಒಂದು ಕಡೆ ದನಿ ಮೇಲಕ್ಕೆ ತಿರುಗುತ್ತದೆ. ಅಲ್ಲಿ ಅಕ್ಕ ದನಿಯನ್ನು ಸಣ್ಣಗೆ ಮಾಡಿ, ನೂಲಿನ ಎಳೆಯ ಹಾಗೆ ಎತ್ತರಕ್ಕೆ ಒಯ್ದು ಮೆಲ್ಲಗೆ ಬಿಡುತ್ತಾಳೆ. ಆ ತಿರುವಿಗಾಗಿಯೇ ಜನ ಅವಳನ್ನು ಕರೆಯುತ್ತಾರೆ. ಪ್ರತಿ ಸಲವೂ ಅದು ಹತ್ತಿತು. ದೀಪ ಮಿನುಗುತ್ತಿತ್ತು. ಎಂದು ನನ್ನ ನೆನಪು.

ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದರು. ಗಾಯ ಮಾಗಿ, ಡಾಕ್ಟರು ಹಾಡಬಹುದು ಎಂದ ಮೇಲೆ ಅಕ್ಕ ಅಡುಗೆಮನೆಯಲ್ಲಿ ಎರಡು ಸಾಲು ಗುನುಗಿದಳಂತೆ. ಭಾವ, "ಏನೂ ಆಗಿಲ್ಲ, ಮದಲಿನಂಗೇ ಅದ" ಎಂದರು. ಆ ಮಾತನ್ನು ಅಕ್ಕನೇ ಹೇಳಿಕೊಟ್ಟಿದ್ದರೂ ಇಷ್ಟು ಅಕ್ಷರಶಃ ಒಪ್ಪಿಸುತ್ತಿರಲಿಲ್ಲ. ಸೊಸೆ ಅದನ್ನೇ ಹೇಳಿದಳು, ಓಣಿ ಅದನ್ನೇ ಹೇಳಿತು. ಆಪಾ ಮಾತ್ರ ಮೆಣಸಿನಕಾಯಿ ಕುಟ್ಟಲು ಎದ್ದುಹೋದರು. ಅಕ್ಕ ನನಗೆ ಫೋನ್ ಮಾಡಿ, "ಬಾ, ಮತ್ತ ಹಿಡಿ, ಎರಡೂ ಕೂಡಿಸಿ ಕೇಳೂಣು" ಎಂದಳು.

ಈ ಸಲ ಡಬ್ಬಿ ಒಯ್ಯಲಿಲ್ಲ. ಹಬ್ಬಿನ ಚಾರ್ಜರು ಸುಟ್ಟುಹೋಗಿತ್ತು. ಬರೀ ಫೋನನ್ನು ಅದೇ ಹಾಸಿಗೆಯ ಮೇಲಿಟ್ಟು, ಅದೇ ಆ್ಯಪ್ ಒತ್ತಿದೆ. ಅದೇ ಹಾಡು, ಅದೇ ಆಪಾ. ಮೇಲಿನ ತಿರುವು ಬಂದಾಗ ಅಕ್ಕನ ದನಿ ಅರ್ಧಕ್ಕೆ ಇಲ್ಲವಾಯಿತು. ಆಪಾ ತಡಮಾಡದೆ ಮುಂದಿನ ಸಾಲು ಹಿಡಿದುಬಿಟ್ಟರು. ಮುಗಿದ ಮೇಲೆ ಮೂವರೂ ಕುಳಿತು ಹಳೆಯದು, ಹೊಸದು ಎರಡನ್ನೂ ಕೇಳಿದೆವು. ಹಳೆಯದರಲ್ಲಿ ಎಳೆ ಇತ್ತು. ಹೊಸದರಲ್ಲಿ ಇರಲಿಲ್ಲ.

"ಹೋಗ್ಯಾದ," ಎಂದಳು ಅಕ್ಕ. ಅತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

ಆಗ ನಾನು ಬಾಯಿ ತೆರೆದೆ. ಇದು ಸರಿಯಾದ ಹೋಲಿಕೆಯಲ್ಲ ಎಂದೆ. ಮೊದಲನೆಯದು ಡಬ್ಬಿಯ ಮೂಲಕ ಬಂದದ್ದು, ಎರಡನೆಯದು ಬರೀ ಫೋನಿನದು. ಫೋನು ಸಣ್ಣ ದನಿಯನ್ನು ಗದ್ದಲವೆಂದು ತಿಳಿದು ಒರೆಸುತ್ತದೆ ಎಂದು ನಾನು ಮೊದಲೇ ಹೇಳಿರಲಿಲ್ಲವೇ? ನಿನ್ನ ದನಿ ಇದ್ದಿರಬೇಕು, ಫೋನು ತಿಂದಿರಬೇಕು. ಎದುರಿಗೆ ಕೂತು ಕೇಳಿದೆಯಲ್ಲೋ, ನಿನ್ನ ಕಿವಿಗೆ ಏನು ಬಿತ್ತು ಎಂದು ಅವಳು ಕೇಳಿದಳು. ಕಿವಿಯನ್ನು ನಂಬಲಾಗದು ಎಂದು ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ. ಓಣಿಯವರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ನಾನು ಪಾರಿಭಾಷಿಕ ಪದಗಳಲ್ಲಿ ಹೇಳುತ್ತಿದ್ದೆ, ಅಷ್ಟೇ.

"ನೋಡು," ಎಂದಳು ಅಕ್ಕ. "ಬರೋ ವಾರ ಮೂಲಿಮನ್ಯಾಗ ಕುಬಸ ಅದ. ಎತ್ತಾಕ ನಾ ಮುಂದ ಕೂಡ್ರಬೇಕೋ, ಆಪಾ ಕೂಡ್ರಬೇಕೋ, ಇಷ್ಟು ಬೇಕು ನನಗ. ನಿನ್ನ ಡಬ್ಬಿ ಫರಕ್ಕೋ, ನನ್ನ ದನಿ ಫರಕ್ಕೋ, ಪಕ್ಕಾ ಮಾಡಿ ಹೇಳು. ಮಾಡಾಕ ಬರದಿದ್ರ, ಬರಂಗಿಲ್ಲ ಅನ್ನು. ಆ ಡಾಕ್ಟರಂಗ ಎರಡೂ ಕಡಿ ಮಾತಾಡಬ್ಯಾಡ."

ಯಾದಗಿರಿಗೆ ಬಂದು ಹಳೆಯ ರೆಕಾರ್ಡಿಂಗನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಡಬ್ಬಿಯ ಹೆಚ್ಚುಗಾರಿಕೆಗೆ ಪುರಾವೆ ಹುಡುಕುವುದು ನನ್ನ ಉದ್ದೇಶವಾಗಿತ್ತು. ಹಿಂದಿನಿಂದ ಗಿರಣಿಯ ಗರಗರ ಸಣ್ಣಗೆ ಕೇಳುತ್ತಿತ್ತು. ಹಾಡಿನ ನಡುವೆ ಒಂದು ಕಡೆ ಆ ಗರಗರ ಎಳೆದುಕೊಂಡು, ಕುಗ್ಗಿ, ನಿಂತುಹೋಯಿತು. ಅಕ್ಕ ಹಾಡುತ್ತಲೇ ಇದ್ದಳು. ಆಪಾ ಹಿಡಿಯುತ್ತಲೇ ಇದ್ದರು. ಎಳೆಯಂಥ ಆ ತಿರುವು ಗಿರಣಿ ನಿಂತ ಮೇಲೆಯೂ ಎರಡು ಸಲ ಬಂತು, ಮೊದಲಿನಷ್ಟೇ ಸ್ಪಷ್ಟವಾಗಿ.

ಗಿರಣಿ ಕರೆಂಟು ಹೋಗಿ ನಿಂತಿದ್ದರೆ ಹಬ್ಬೂ ನಿಂತಿರಬೇಕು, ಡಬ್ಬಿಯೂ ಸತ್ತಿರಬೇಕು. ಸತ್ತ ಡಬ್ಬಿ ಹಾಡು ಕೇಳಿಸಿಕೊಳ್ಳುವುದಿಲ್ಲ. ಅಥವಾ ಗಿರಣಿಯವರೇ ಮನಸ್ಸು ಕರಗಿ ನಿಲ್ಲಿಸಿದ್ದರೇ? ಆ ಮನುಷ್ಯನನ್ನು ನೆನೆದರೆ ಇದಕ್ಕಿಂತ ಪವಾಡವನ್ನು ನಂಬುವುದು ಸುಲಭವಿತ್ತು.

ಹಬ್ಬಿಗೆ ಬೇರೆ ಚಾರ್ಜರು ಹೊಂದಿಸಿ, ಡಬ್ಬಿಯನ್ನು ಫೋನಿಗೆ ಜೋಡಿಸಿದೆ. ಹಸಿರು ದೀಪ ಬಂತು. ಗುಂಡಿಯನ್ನು ಪೂರ್ತಿ ಸೊನ್ನೆಗೆ ತಿರುಗಿಸಿದೆ, ಅಂದರೆ ಡಬ್ಬಿಯ ಬಾಯಿ ಮುಚ್ಚಿದೆ. ದೀಪ ಆರಿತು. ಆ್ಯಪ್ ಒತ್ತಿ, ನನ್ನ ಹಾಜರಿ ಪಟ್ಟಿಯ ಒಂದಿಷ್ಟು ಹೆಸರು ಕೂಗಿ, ತಿರುಗಿ ಕೇಳಿದೆ. ಪ್ರತಿಯೊಂದು ಹೆಸರೂ ಸ್ವಚ್ಛವಾಗಿ ಬಂದಿತ್ತು. ಮೈಕನ್ನು ಕಿತ್ತೆ, ಬಂತು. ಮೈಕನ್ನು ಪಕ್ಕದ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ, ಬಂತು. ಆ ಆ್ಯಪ್ ಫೋನಿನ ಸ್ವಂತ ಮೈಕನ್ನು ಬಿಟ್ಟು ಇನ್ನಾವುದನ್ನೂ ಕೇಳುತ್ತಿರಲಿಲ್ಲ. ನನ್ನ ಡಬ್ಬಿ ಅಂದು ಸುರಪುರದಲ್ಲಿ ಬಹಳ ಶ್ರದ್ಧೆಯಿಂದ ದೀಪ ಮಿನುಗಿಸಿತ್ತು, ಮತ್ತೇನನ್ನೂ ಮಾಡಿರಲಿಲ್ಲ.

ಅಂದರೆ ಎರಡೂ ರೆಕಾರ್ಡಿಂಗು ಒಂದೇ ಫೋನಿನವು. ಮೊದಲ ಸಲ ಆ ಎಳೆಯನ್ನು ಒರೆಸದ ಫೋನು ಎರಡನೆಯ ಸಲ ಒರೆಸಿರಲು ಕಾರಣವಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕೊನೆಗೆ, "ದನಿ ಇಳದದ ಅಕ್ಕಾ," ಎಂದೆ.

"ಖರೇನ?"

"ಖರೇನ."

"ನಮ್ಮ ಮನ್ಯಾಗ ಒಬ್ಬರಾದ್ರೂ ಅಂದ್ರಿ ನೋಡು," ಎಂದಳು. ದನಿ ಸ್ವಲ್ಪ ನಡುಗಿತು, ಅದನ್ನು ಅಳೆಯಲು ನನ್ನ ಹತ್ತಿರ ಉಪಕರಣ ಇರಲಿಲ್ಲ. ಆಮೇಲೆ ಫೋನನ್ನು ಬಾಯಿಂದ ದೂರ ಹಿಡಿದು ಗೋಡೆಯಾಚೆ ಕೂಗಿದ್ದು ಕೇಳಿಸಿತು: "ಆಪಾ! ಕುಬಸಕ್ಕ ನೀ ಎತ್ತಬೇಕು, ನಾ ಹಿಡೀತೀನಿ!"

"ನಾ ಹೆಂಗ ಎತ್ತಲಿ ಅಕ್ಕಾ, ತಲಿ ಕೆಟ್ಟದೇನು ನಿಮಗ?"

"ಇಷ್ಟ್ ವರ್ಷ ಹಿಂದಿಂದ ನನ್ನ ತಪ್ಪೆಲ್ಲಾ ಮುಚ್ಚಿದಿಯಲ್ಲ, ಇನ್ನ ಮುಂದ ಬಂದು ನಿನ್ನವು ಮಾಡು. ಮುಚ್ಚಾಕ ನಾ ಇದ್ದೀನಿ."

ಕುಬಸದ ದಿನ ನಾನೂ ಹೋಗಿದ್ದೆ. ಒಳಗೆ ಹೆಂಗಸರಿದ್ದರು, ಗಂಡಸರಿಗೆ ಜಾಗವಿರಲಿಲ್ಲ. ಗಿರಣಿಯ ಕಟ್ಟೆಯ ಮೇಲೆ ಕುಳಿತೆ. ಮೂಲೆಮನೆಯಿಂದ ಆಪಾ ಎತ್ತಿದ್ದು ಕೇಳಿತು. ಮೊದಲ ಸೊಲ್ಲು ಕೊಂಚ ಅವಸರವಾಯಿತು. ಅದರ ಬೆನ್ನಿಗೇ ಅಕ್ಕ ಹಿಡಿದಳು, ಇಳಿದ ದನಿಯಲ್ಲಿ, ಗಟ್ಟಿಯಾಗಿ, ಉಳಿದವರೆಲ್ಲ ಅವಳ ಹಿಂದೆ ಬಂದರು. ಮೇಲಿನ ತಿರುವು ಬಂದಾಗ ಆಪಾ ಅದನ್ನು ತಮ್ಮದೇ ರೀತಿಯಲ್ಲಿ ತಿರುಗಿಸಿದರು. ಡಬ್ಬಿ ನನ್ನ ಚೀಲದಲ್ಲಿತ್ತು. ತೆಗೆಯಲಿಲ್ಲ.

ಗಿರಣಿಯವರು ಹಿಟ್ಟು ಕೊಡವಿಕೊಳ್ಳುತ್ತ ಹೊರಗೆ ಬಂದರು. ನಾನು ಕೌದಿ ಕಟ್ಟಿ ರೆಕಾರ್ಡ್ ಮಾಡಿದ ದಿನ ನೆನಪಿದೆಯೇ, ಅವತ್ತು ಮಷೀನು ನಡುವೆ ಯಾಕೆ ನಿಂತಿತು ಎಂದು ಕೇಳಿದೆ.

"ನೆನಪಿಲ್ಲದ ಏನ್ರಿ ಸರ್? ನೀವು ನಿಲ್ಲಸ್ರಿ ಅಂದು ಹೋದಿರಿ, ಸ್ವಲ್ಪ ಹೊತ್ತಿಗೇ ತಾನೇ ನಿಂತಿತು. ಅರ್ಧ ಜ್ವಾಳ ಒಳಗೇ ಸಿಕ್ಕೊಂಡು, ಸಂಜೀತನಕ ಕರೆಂಟಿನ ದಾರಿ ಕಾಯ್ಕೋತ ಕುಂತೀನಿ, ನಿಮ್ಮನ್ನ ಬೈಕೋತ."

ಕರೆಂಟು ಹೋಗಿತ್ತು.